ಅಂಟಿಸಿದ ಲಕೋಟೆ

ಮಲಕಪ್ಪನವರ ಮಗಳು ಶಿವಾನಿ ಓದಲಿಕ್ಕೆಂದು ಇಂಗ್ಲೆಂಡಿಗೆ ಹೊರಟದ್ದು ನಿಜ. ಆದರೆ ಅದಕ್ಕಾಗಿ ಪುಣೆಯ ಬಿಸಿಲು ಕುಡಿದವಳು ಸೊಸೆ ರಂಜನಾ. ಶಿವಾನಿಗೆ ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಸಂಜೆ ಏಳಕ್ಕೆ ಮನೆ. ಕಚೇರಿಗಳ ಕಿಟಕಿ ತೆರೆದಿರುವುದೂ ಸರಿಯಾಗಿ ಅದೇ ಹೊತ್ತಿನಲ್ಲಿ. ಮಲಕಪ್ಪನವರು ವಿಜಾಪುರದಿಂದ ಬಂದು ವಿಮಾ ಕಚೇರಿಯಲ್ಲಿ ಇಪ್ಪತ್ತೈದು ವರ್ಷ ಗುಮಾಸ್ತಿಕೆ ಮಾಡಿದವರು. ನಿವೃತ್ತರಾದ ಮೇಲೆ ಮೊಣಕಾಲು ನೋವೆಂದು ಕೋಥರೂಡಿನ ಆ ಮೂರನೇ ಮಹಡಿಯಿಂದ ಕೆಳಗಿಳಿಯುವುದೇ ಅಪರೂಪವಾಗಿತ್ತು. ರಂಜನಾಳ ಗಂಡ ಮಾಂತು ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸು ಹತ್ತಿ ರಾಂಜಣಗಾಂವದ ಕಾರ್ಖಾನೆಗೆ ಹೋಗುವವನು. ಅತ್ತೆ ಶಿವಬಸವ್ವನಿಗೆ ಬರುವ ಮರಾಠಿ, ಕಾಯಿಪಲ್ಯದವನ ಮುಂದೆ ನಿಂತು ‘ಕಿತೀಲಾ’ ಎಂದು ಬೆಲೆ ಕೇಳುವಷ್ಟು. ಉಳಿದವಳು ರಂಜನಾ. ಪುಣೆಯದೇ ಖಡಕಿಯಲ್ಲಿ ಹುಟ್ಟಿ ಬೆಳೆದವಳು, ಮರಾಠಿ ನೀರು ಕುಡಿದಷ್ಟು ಸಲೀಸು, ಮೇಲಾಗಿ ಸ್ಕೂಟಿ ಬೇರೆ ಓಡಿಸಬಲ್ಲಳು. ಇಷ್ಟೆಲ್ಲ ಬರುವವಳನ್ನು ಯಾವ ಮನೆ ತಾನೆ ಸುಮ್ಮನೆ ಕೂಡಿಸೀತು?

“ವೈನಿ, ನಾಳೆ ಒಂದೀಟ ಪಾಸ್‌ಪೋರ್ಟ್ ಆಫೀಸಿಗೆ ಹೋಗಿ ಬರ್ತೀರೇನು?” ಎಂದು ಶಿವಾನಿ ಅತ್ತಿಗೆಯನ್ನು ಕೇಳುವುದು ಊಟಕ್ಕೆ ಕೂತಾಗ, ರೊಟ್ಟಿ ಮುರಿಯುತ್ತ.

“ಹೋಗ್ತಾಳ ತೊಗೊ,” ಎಂದು ಉತ್ತರ ಕೊಡುವವನು ಮಾಂತು.

ರಂಜನಾ ಒಲೆಯ ಮುಂದೆ ನಿಂತು ರೊಟ್ಟಿ ಬಡಿಯುತ್ತಿರುತ್ತಿದ್ದಳು. ಹೋಗುವುದಿಲ್ಲ ಎಂದು ಅವಳು ಒಂದು ಸಲವೂ ಅನ್ನಲಿಲ್ಲ. ಬಡಿತ ಮಾತ್ರ ಜೋರಾಗುತ್ತಿತ್ತು. ಹೊಟ್ಟೆಯೊಳಗೆ ಏಳುತ್ತಿದ್ದ ಉರಿಯ ಹೆಸರು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದು ಹೊಟ್ಟೆಕಿಚ್ಚು, ಮತ್ತೇನೂ ಅಲ್ಲ.

ಶಿವಾನಿ ಓದಿದ ಕಾಲೇಜಿನಲ್ಲೇ, ಅದೇ ರಸಾಯನಶಾಸ್ತ್ರವನ್ನೇ ರಂಜನಾ ಒಂಬತ್ತು ವರ್ಷ ಮೊದಲು ಓದಿದ್ದಳು. ತೊಂಬತ್ಮೂರರಲ್ಲಿ ಕಾಲೇಜಿಗೇ ಮೊದಲಿಗಳು. ಫಲಿತಾಂಶದ ದಿನ ಪಟವರ್ಧನ ಮೇಡಮ್ ವರಾಂಡದಲ್ಲಿ ಅವಳನ್ನು ನಿಲ್ಲಿಸಿ, “ಹದಿನೇಳು ವರ್ಷದಿಂದ ಕಲಿಸುತ್ತಿದ್ದೇನೆ, ನಿನ್ನಂಥ ವಿದ್ಯಾರ್ಥಿನಿಯನ್ನು ಕಂಡಿಲ್ಲ,” ಎಂದಿದ್ದರು. ಎಂ.ಎಸ್ಸಿ.ಯ ಒಂದು ವರ್ಷ ಮುಗಿಯುವಷ್ಟರಲ್ಲಿ ಲಗ್ನವಾಯಿತು. “ಒಂದ ವರ್ಷ ಮನಿ ಕಡೆ ನೋಡವ್ವ, ಕಲಿಯೋದು ಎಲ್ಲಿಗೆ ಓಡಿ ಹೋಗ್ತದ?” ಎಂದಿದ್ದರು ಮಲಕಪ್ಪನವರು. ಬೇಡ ಎಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಯಾರೂ ಬೇಡ ಅನ್ನಲಿಲ್ಲ. ಮಗಳು ಭುವನೇಶ್ವರಿ ಹುಟ್ಟಿದಳು, ಮಾವನವರ ಕಣ್ಣಿನ ಆಪರೇಶನ್ ಆಯಿತು, ಮಗಳು ಶಾಲೆಗೆ ಹೋಗತೊಡಗಿದಳು. ಮೇಡಮ್ ಹೇಳಿದ ಆ ಮಾತೊಂದನ್ನು ರಂಜನಾ ಯಾರಿಗೂ ಹೇಳದೆ, ಗಂಡನಿಗೂ ಹೇಳದೆ, ಇಟ್ಟುಕೊಂಡಿದ್ದಳು. ಪಾತ್ರೆ ತಿಕ್ಕುವಾಗ, ಬಟ್ಟೆ ಹಿಂಡುವಾಗ ಅದನ್ನು ತೆಗೆದು ನೋಡಿ ಮತ್ತೆ ಒಳಗಿಡುತ್ತಿದ್ದಳು.

ಫೆಬ್ರುವರಿಯಲ್ಲಿ ಪಾಸ್‌ಪೋರ್ಟು ಅಂಚೆಯಲ್ಲಿ ಬಂತು. ಅದು ಬಂದ ದಿನವೇ ಮನೆಯಲ್ಲೊಂದು ರಾಮಾಯಣ.

ಶಿವಬಸವ್ವನದೊಂದು ಪದ್ಧತಿ. ಮನೆಗೆ ಯಾವ ಕಾಗದ ಬರಲಿ, ಲಗ್ನಪತ್ರಿಕೆಯಿರಲಿ, ಗ್ಯಾಸಿನ ಪುಸ್ತಕವಿರಲಿ, ಮೊಮ್ಮಗಳ ಮಾರ್ಕ್ಸ್ ಕಾರ್ಡೇ ಇರಲಿ, ಮೊದಲು ಅದಕ್ಕೆ ಮೂರು ಬೆರಳಿನಿಂದ ವಿಭೂತಿ ಎಳೆದು ದೇವರ ಜಗಲಿಯ ಮೇಲಿಡಬೇಕು. ಆಮೇಲೆಯೇ ಉಳಿದವರ ಕೈಗೆ. ಮುಚ್ಚಿದ್ದಾದರೆ ತೆರೆದು ಒಳಗೂ ಹಚ್ಚುವಳು. ಪಾಸ್‌ಪೋರ್ಟಿಗೂ ಅದೇ ಮರ್ಯಾದೆ ಸಂದಿತು. ಸಂಜೆ ಮಾಂತು ತೆಗೆದು ನೋಡಿದರೆ ಶಿವಾನಿಯ ಫೋಟೋದ ಹಣೆಯ ಮೇಲೆ ಮೂರು ಒದ್ದೆ ಗೆರೆ.

“ಸರ್ಕಾರದ ಪುಸ್ತಕಕ್ಕ ಈಬತ್ತಿ ಹಚ್ಚತಾರೇನವ್ವಾ? ಇನ್ನ ವಿಮಾನದಾಗ ಹತ್ತಗೊಡ್ತಾರ ಈಕೀನ?”

“ಯಾಕ, ಈಬತ್ತಿ ಭಾರಕ್ಕ ವಿಮಾನ ಬೀಳ್ತದೇನು?” ಎಂದಳು ಶಿವಬಸವ್ವ. “ದೇವರ ಹೆಸರಲೆ ಇನ್ನೀಟು ಗಟ್ಟಿ ಹಾರ್ತದ.”

ಎಲ್ಲರೂ ನಕ್ಕರು. ಹತ್ತಿಯಿಂದ ಮೆಲ್ಲಗೆ ಒರೆಸಿ ಆ ಪುಟವನ್ನು ಉಳಿಸಿದವಳು ರಂಜನಾ. ಒರೆಸುತ್ತ ಒರೆಸುತ್ತ ಇದು ಅಳಿಸಿಹೋದರೆ ಏನಾದೀತು ಎಂದು ಒಂದು ಗಳಿಗೆ ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ಆದರೂ ಅನ್ನಿಸಿತು.

ಮಾರ್ಚಿನ ಮೊದಲ ವಾರವೆಲ್ಲ ವಿಶ್ವವಿದ್ಯಾಲಯಕ್ಕೆ ಓಡಾಟ. ಮೂರು ವರ್ಷದ ಅಂಕಗಳ ದೃಢೀಕೃತ ಪ್ರತಿ ಬೇಕಿತ್ತು. ಮೊದಲ ದಿನ ಅರ್ಜಿ, ಎರಡನೆಯ ದಿನ ಚಲನ್, ಮೂರನೆಯ ದಿನ ಸಾಲು. ಕಿಟಕಿಯ ಆಚೆ ಕೂತಿದ್ದ ಹರಿಶ್ಚಂದ್ರ ಎಂಬ ಹಿರಿಯ ಗುಮಾಸ್ತ ಕಾಗದದ ಮೇಲೆ ಠಸ್ಸೆ ಒತ್ತುತ್ತ, “ತುಮಚಂಚ ಕಾ?” ಎಂದು ಕೇಳಿದ. ನಿಮ್ಮದೇನಾ ಇದು ಎಂದು.

“ಹೋ, ಮಾಝಂಚ,” ಎಂದುಬಿಟ್ಟಳು ರಂಜನಾ. ಹೌದು, ನನ್ನದೇ.

“ಇಂಗ್ಲೆಂಡಿಗೋ? ಶಾಬಾಸ್. ಮದುವೆಯಾದ ಮೇಲೆ ಓದುವವರು ಕಡಿಮೆ. ನಿಮ್ಮ ಮನೆಯವರು ಒಳ್ಳೆಯವರು,” ಎಂದು ಅವನು ಮರಾಠಿಯಲ್ಲಿ ಹೇಳಿ ಕಾಗದವನ್ನು ಎರಡೂ ಕೈಯಲ್ಲಿ ಕೊಟ್ಟ. ಸ್ಕೂಟಿಯ ಹತ್ತಿರ ಬರುವವರೆಗೂ ರಂಜನಾಳ ಬೆನ್ನು ನೆಟ್ಟಗಿತ್ತು. ಗಾಡಿ ಶುರುಮಾಡಿದಾಗ, ಬರುವಾಗ ಅರ್ಧ ಕಿಲೋ ಶೇಂಗಾ ತರಬೇಕೆಂದು ಅತ್ತೆ ಹೇಳಿದ್ದು ನೆನಪಾಯಿತು.

ಕೊನೆಗೆ ಉಳಿದದ್ದು ಒಂದೇ ಕಾಗದ, ಪಟವರ್ಧನ ಮೇಡಮ್ಮಿನ ಶಿಫಾರಸು ಪತ್ರ. ಬುಧವಾರ ಊಟದ ಹೊತ್ತಿಗೆ ಶಿವಾನಿ ಅದರ ಕಟ್ಟಳೆ ಬಿಡಿಸಿ ಹೇಳಿದಳು.

“ಪಾಕೀಟ ಅಂಟಿಸಿ, ಅಂಟಿನ ಮ್ಯಾಲ ಸಹಿ ಮಾಡಿ ಕೊಡ್ತಾರ ವೈನಿ. ಅದನ್ನ ಇಂಗ್ಲೆಂಡಿನವರ ತಗೀಬೇಕು. ನಡುವ ಯಾರರೆ ತಗದ್ರ ಅದು ರದ್ದಿ. ಸೋಮವಾರ ಕೊರಿಯರ್ ಆಗಲೇಬೇಕು, ಇಲ್ಲಂದ್ರ ಸ್ಕಾಲರ್‌ಶಿಪ್ ಹೋತು. ಮೇಡಮ್ ರವಿವಾರ ಇಂದೂರಿಗೆ ಹೊಂಟಾರ, ಒಂದ ತಿಂಗಳು ಬರೂದಿಲ್ಲ.”

ಮಲಕಪ್ಪನವರು ತಾಟಿನಿಂದ ತಲೆಯೆತ್ತಿದರು. “ಅರ್ಧ ಫೀ ಅವರು ಬಿಟ್ರ ಉಳಿದರ್ಧ ನಾ ಹೊಂದಸ್ತೀನಿ. ಬಿಡಲಿಲ್ಲಂದ್ರ ಈ ವರ್ಷ ಬ್ಯಾಡವ್ವ. ಮುಂದ ನೋಡೂಣು.”

ಈ ಮನೆಯಲ್ಲಿ ‘ಮುಂದ ನೋಡೂಣು’ ಎಂದರೆ ಏನೆಂದು ರಂಜನಾಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಗುರುವಾರ ಹನ್ನೊಂದಕ್ಕೆ ಅವಳು ಕಾಲೇಜಿಗೆ ಹೋದಳು. ಹೋಗುವಾಗ ದಿನಾ ಉಡುವ ಪಾತಳ ಬಿಟ್ಟು ಚಲೋ ಸೀರೆ ಉಟ್ಟಿದ್ದಳು. ಮೇಡಮ್ ನೋಡುತ್ತಲೇ ಗುರುತು ಹಿಡಿಯುತ್ತಾರೆ, ‘ಅಲ್ಲ, ನೀನು ಓದು ಯಾಕೆ ಬಿಟ್ಟೆ’ ಎಂದು ಬೈಯುತ್ತಾರೆ, ಬೈಸಿಕೊಳ್ಳಬೇಕು ಎಂಬ ಆಸೆ. ಮೇಡಮ್ಮಿಗೆ ಕೂದಲು ಬೆಳ್ಳಗಾಗಿತ್ತು. ಕನ್ನಡಕದ ಮೇಲಿಂದ ನೋಡಿ, ಮರಾಠಿಯಲ್ಲಿ, “ನೀವು ಶಿವಾನಿಯ ಅತ್ತಿಗೆ ಅಲ್ಲವೇ? ಹುಷಾರು ಹುಡುಗಿ,” ಎಂದು ಮೇಜಿನಿಂದ ಲಕೋಟೆ ತೆಗೆದರು.

“ಮೇಡಮ್, ನಾನೂ ನಿಮ್ಮ ವಿದ್ಯಾರ್ಥಿನಿಯೇ. ತೊಂಬತ್ಮೂರರ ಬ್ಯಾಚು. ರಂಜನಾ ಬಿರಾದಾರ. ಕಾಲೇಜಿಗೆ ಮೊದಲು ಬಂದಿದ್ದೆ.”

“ಹೌದೇ?” ಎಂದರು ಮೇಡಮ್. ನೆನಪಿಸಿಕೊಳ್ಳಲು ನೋಡಿದರು, ಆಗಲಿಲ್ಲ. “ಎಷ್ಟೊಂದು ಮಕ್ಕಳು ನೋಡಿ. ಈಗೇನು ಮಾಡುತ್ತೀರಿ?”

“ಮನೆಯಲ್ಲೇ ಇರುತ್ತೇನೆ.”

“ಅದೂ ಕೆಲಸವೇ,” ಎಂದು ಮೇಡಮ್ ಗಡಿಯಾರ ನೋಡಿದರು. ಅವರಿಗೆ ಪಾಠವಿತ್ತು.

ಮನೆಗೆ ಬಂದಾಗ ಶಿವಬಸವ್ವ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಳು. ಮಾವನವರು ಒಳಕೋಣೆಯಲ್ಲಿ ಮಲಗಿದ್ದರು. ರಂಜನಾ ಅಡುಗೆಮನೆಯ ಕಟ್ಟೆಯ ಮೇಲೆ ಲಕೋಟೆಯಿಟ್ಟು ಅದನ್ನೇ ನೋಡುತ್ತ ನಿಂತಳು. ತನ್ನ ಗುರುತೇ ಸಿಗದವರು ಶಿವಾನಿಯ ಬಗ್ಗೆ ಏನು ಬರೆದಿರಬಹುದು? ಹುಷಾರು ಹುಡುಗಿ ಎಂದಷ್ಟೇ ಬರೆದಿದ್ದರೆ ಮೇಡಮ್ ಅಂದು ಆಡಿದ ಮಾತಿನ ಗಂಟು ತನಗುಳಿಯಿತು. ಅಷ್ಟು ಗೊತ್ತಾದರೆ ಸಾಕು, ಮತ್ತೆ ಅಂಟಿಸಿದರಾಯಿತು. ತಲೆಯಿಂದ ಕ್ಲಿಪ್ಪು ತೆಗೆದು ಅಂಟಿನ ಸಂದಿಯಲ್ಲಿ ತೂರಿಸಿದಳು. ಅರ್ಧದವರೆಗೆ ಚೆನ್ನಾಗಿಯೇ ಎದ್ದಿತು. ಸಹಿಯ ಹತ್ತಿರ ಚರ್ ಎಂದು ಹರಿಯಿತು.

ಒಂದೇ ಪುಟದ ಇಂಗ್ಲಿಷು. ನಡುವಿನ ಸಾಲು ಹೀಗಿತ್ತು: ಇಪ್ಪತ್ತಾರು ವರ್ಷದ ಅಧ್ಯಾಪನದಲ್ಲಿ ಇಂಥ ವಿದ್ಯಾರ್ಥಿನಿಯನ್ನು ನಾನು ಕಂಡಿಲ್ಲ.

ಅದೇ ಮಾತು. ಬದಲಾದದ್ದು ವರ್ಷದ ಲೆಕ್ಕ ಮಾತ್ರ. ರಂಜನಾ ಆ ಸಾಲನ್ನು ಮತ್ತೊಮ್ಮೆ ಓದಿದಳು. ಪಾಸ್‌ಪೋರ್ಟು ಶಿವಾನಿಯದು, ವಿಮಾನ ಶಿವಾನಿಯದು, ಇಂಗ್ಲೆಂಡು ಶಿವಾನಿಯದು. ಇರಲಿ. ತನ್ನದೆಂದು ಇದ್ದದ್ದು ಒಂದೇ ಒಂದು ಮಾತು, ಅದೂ ಹೋಯಿತೇ?

ಫೆವಿಕಾಲ್ ಹಚ್ಚಿ ಅಂಟಿಸಿದಳು. ಸಹಿಯ ಮೇಲಿನ ತುಂಡೂ ಕೆಳಗಿನ ತುಂಡೂ ಕೂಡಲಿಲ್ಲ. ಗಿರಣಿಯಿಂದ ಅತ್ತೆ ಬರುವ ಸಪ್ಪಳ ಮೆಟ್ಟಿಲ ಮೇಲೆ ಕೇಳಿತು. ರಂಜನಾ ಲಕೋಟೆಯನ್ನು ಒಯ್ದು ದೇವರ ಜಗಲಿಯ ಮೇಲಿಟ್ಟಳು. ಗಾಬರಿಯಲ್ಲಿ ಇಟ್ಟಳು ಎನ್ನಬಹುದು. ಆದರೆ ಸುಳ್ಳೇಕೆ, ಬೇಕೆಂದೇ ಇಟ್ಟಳು. ಹಿಟ್ಟಿನ ಡಬ್ಬಿ ಇಳಿಸಿದ ಶಿವಬಸವ್ವ ಕೈಕಾಲು ತೊಳೆದು ಬಂದು, ಹೊಸ ಕಾಗದ ಕಂಡು, ಎಂದಿನಂತೆ ಮೇಲೆ ಮೂರು ಗೆರೆ ಎಳೆದು ಕೈಮುಗಿದಳು.

ಸಂಜೆ ಶಿವಾನಿ ಚಪ್ಪಲಿ ಬಿಡುತ್ತಲೇ ಜಗಲಿಗೆ ಹೋದಳು. ಲಕೋಟೆಯನ್ನು ತಿರುಗಿಸಿ ನೋಡಿದವಳು ಹರಿದ ಸಹಿಯ ಮೇಲೆ ಬೆರಳಾಡಿಸಿದಳು.

“ಅವ್ವಾ, ತಗದೀಯೇನ ಇದನ್ನ?”

“ನಾ ಎಲ್ಲೆ ತಗದೀನಿ? ಮ್ಯಾಲಷ್ಟ ಹಚ್ಚೀನಿ.”

“ಮತ್ತ ಇದು ಹರದದಲ್ಲ?”

“ನನಗ ಗೊತ್ತಿಲ್ಲವ್ವ. ನಾ ಬರೂದರಾಗ ಅಲ್ಲಿತ್ತು.”

ಮಲಕಪ್ಪನವರು ಎದ್ದು ಬಂದರು. ನಲವತ್ತು ವರ್ಷದ ಸಂಸಾರದಲ್ಲಿ ಅವರು ಹೆಂಡತಿಯ ಮೇಲೆ ಅಷ್ಟು ಜೋರು ಮಾಡಿದ್ದು ಯಾರೂ ಕೇಳಿರಲಿಲ್ಲ. “ಹೇಳಿದ್ದಿಲ್ಲೇನು ಮೊನ್ನೆ? ಕಂಡ ಕಂಡ ಕಾಗದ ಬಿಚ್ಚಿ ಬೂದಿ ಬಡೀಬ್ಯಾಡ ಅಂತ? ಅಕ್ಷರ ಬರದಿದ್ರ ಬ್ಯಾಡ, ಹೇಳಿದ ಮಾತರೆ ತಿಳೀಬಾರದ?”

“ತಗದಿಲ್ಲ ಅಂದ್ರ ತಗದಿಲ್ಲ,” ಎಂದಳು ಶಿವಬಸವ್ವ. ದನಿ ಸಣ್ಣದಾಗಿತ್ತು.

“ಹೋಗ್ಲಿ ಬಿಡವ್ವ, ಆತಂತ ಒಪ್ಪಕೋ. ತಿಳೀಲಾರದ ಆಗಿದ್ದು,” ಎಂದ ಆಗಷ್ಟೇ ಬಂದಿದ್ದ ಮಾಂತು.

ರಂಜನಾ ಬದನೆಕಾಯಿ ಹೆಚ್ಚುತ್ತಿದ್ದಳು. ಒಂದು ಮಾತು ಆಡಿದ್ದರೆ ಮುಗಿದಿತ್ತು. ಆಡಲಿಲ್ಲ. ಅಳುತ್ತಿದ್ದ ಶಿವಾನಿಯನ್ನು ನೋಡಿ ಅವಳಿಗೆ ಒಳಗೊಳಗೇ ಹಿತವೂ ಆಯಿತು. ‘ಮುಂದ ನೋಡೂಣು’ ಎಂಬುದರ ರುಚಿ ಇವಳೂ ಒಂದು ಸಲ ನೋಡಲಿ ಎಂದು.

ಶಿವಾನಿ ಮೇಡಮ್ಮಿಗೆ ಫೋನು ಮಾಡಿದಳು. ಮೇಡಮ್ ಖಡಾಖಂಡಿತವಾಗಿ ಹೇಳಿದರು: ಅಂಟಿಸಿಕೊಟ್ಟದ್ದನ್ನು ತೆರೆದವರಿಗೆ ಇನ್ನೊಮ್ಮೆ ಕೊಡುವ ಪದ್ಧತಿ ನನ್ನಲ್ಲಿಲ್ಲ. ತಾಯಿ ತೆರೆದಳು ಅನ್ನುತ್ತೀ, ನೀನೇ ತೆರೆದಿಲ್ಲ ಎಂದು ನಾನು ಹೇಗೆ ನಂಬಲಿ? ತೆರೆದವರು ಬಂದು ಹೇಳಲಿ, ನೋಡೋಣ.

ಅಲ್ಲಿಗೆ ಮನೆಯವರೆಲ್ಲ ಸೇರಿ ತೀರ್ಮಾನಿಸಿದರು. ಶಿವಬಸವ್ವ ಹೋಗಿ ತಪ್ಪಾಯಿತು ಎನ್ನಬೇಕು. ಹಳ್ಳಿ ಹೆಂಗಸು, ಓದು ಬಾರದವಳು, ಮೇಡಮ್ ಕರಗಿಯಾರು. ಮರಾಠಿಯಲ್ಲಿ ಹೇಳಲು ರಂಜನಾ ಜೊತೆಗಿರಬೇಕು.

“ಮಾಡಲಾರದ ತಪ್ಪಿಗೆ ಯಾಕ ತಲಿ ಬಗ್ಗಸ್ಲಿ?” ಎಂದ ಶಿವಬಸವ್ವ ಶುಕ್ರವಾರ ದಿನವಿಡೀ ಊಟ ಮುಟ್ಟಲಿಲ್ಲ. ಎರಡು ಸಲ ಮಜ್ಜಿಗೆ ಕುಡಿದಳು, ಅಷ್ಟೇ. ರಂಜನಾ ತಾಟು ಹಿಡಿದು ಮುಂದೆ ನಿಂತರೆ, “ಅಲ್ಲಿಡು,” ಎಂದು ಗೋಡೆಯ ಕಡೆ ಹೊರಳಿದಳು. ಆ ತಾಟನ್ನು ರಂಜನಾ ಹಾಗೆಯೇ ವಾಪಸು ಒಯ್ದು ಮುಚ್ಚಿಟ್ಟಳು. ನಿನ್ನೆಯ ಹಿತ ಎಲ್ಲಿ ಹೋಗಿತ್ತೋ. ತನ್ನ ಉರಿ ಮುಟ್ಟಬೇಕಾದವಳನ್ನು ಬಿಟ್ಟು ಈ ಮುದುಕಿಯನ್ನು ಸುಡುತ್ತಿತ್ತು.

ಶನಿವಾರ ಬೆಳಿಗ್ಗೆ ಶಿವಬಸವ್ವ ತಾನೇ ಇಳಕಲ್ಲ ಸೀರೆ ಉಟ್ಟು ನಿಂತಳು. “ನಡಿ. ಮಗಳ ಸಲುವಾಗಿ ಬರ್ತೀನಿ.”

ಪಟವರ್ಧನ ಮೇಡಮ್ಮಿನ ಮನೆಯಲ್ಲಿ ಅರ್ಧ ತುಂಬಿದ ಸೂಟ್‌ಕೇಸು ತೆರೆದು ಬಿದ್ದಿತ್ತು. ಮೇಡಮ್ ಇಬ್ಬರನ್ನೂ ಕೂಡಿಸಿ ನೀರು ಕೊಟ್ಟು, “ಹೇಳಿ,” ಎಂದರು.

ಶಿವಬಸವ್ವ ಸೆರಗು ಸರಿಮಾಡಿಕೊಂಡು ಕನ್ನಡದಲ್ಲೇ ಹೇಳಿದಳು. “ಬಾಯಾರ, ನಾ ಅದನ್ನ ತಗದಿಲ್ರಿ. ಮ್ಯಾಲ ಈಬತ್ತಿ ಹಚ್ಚೀನಿ, ಖರೆ. ನಾನ ತಗದೀನಿ ಅಂತ ಹೇಳು ಅಂತ ಮನ್ಯಾಗ ಎಲ್ಲಾರೂ ಅಂದಾರ. ಸುಳ್ಳ ಹೇಳಾಕ ನನಗ ಬಾಯಿ ಬರವಲ್ದು. ನನ್ನ ಮಗಳೂ ತಗದಿಲ್ರಿ. ಆಕೀಗೆ ಇನ್ನೊಂದ ಬರದ ಕೊಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ.”

ಮೇಡಮ್ ರಂಜನಾಳತ್ತ ತಿರುಗಿದರು. “ಏನೆನ್ನುತ್ತಾರೆ?”

ಅಲ್ಲಿ ಎರಡೂ ಭಾಷೆ ಬರುವವಳು ರಂಜನಾ ಒಬ್ಬಳೇ. ‘ತಪ್ಪಾಯಿತು ಎನ್ನುತ್ತಾರೆ’ ಎಂದರೆ ಮುಗಿಯಿತು. ಮೇಡಮ್ ನಂಬುತ್ತಾರೆ, ಅತ್ತೆಗೆ ತಿಳಿಯುವುದೇ ಇಲ್ಲ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿ ಶಿವಬಸವ್ವ, ಸೊಸೆ ತನ್ನ ಮಾತನ್ನು ಸರಿಯಾಗಿ ಮುಟ್ಟಿಸುತ್ತಾಳೆಂದು, ಮೇಡಮ್ಮಿನ ಮುಖವನ್ನೇ ಕಾಯುತ್ತ ಕೂತಿದ್ದಳು.

“ಅವರು ತೆರೆದಿಲ್ಲವಂತೆ,” ಎಂದಳು ರಂಜನಾ. “ನಿಜವೇ. ತೆರೆದವಳು ನಾನು.”

“ನೀವೇ? ಯಾಕೆ?”

“ಶಿವಾನಿಯ ಬಗ್ಗೆ ಏನು ಬರೆದಿದ್ದೀರಿ ನೋಡಬೇಕಿತ್ತು. ಫಲಿತಾಂಶದ ದಿನ ನನಗೊಂದು ಮಾತು ಹೇಳಿದ್ದಿರಿ. ಹದಿನೇಳು ವರ್ಷದಲ್ಲಿ ನಿನ್ನಂಥವಳನ್ನು ಕಂಡಿಲ್ಲ ಎಂದು.”

ಮೇಡಮ್ ಬೈಯಲಿಲ್ಲ. “ಹೇಳಿರಬೇಕು,” ಎಂದರು. “ಒಳ್ಳೆಯ ಹುಡುಗಿಯರಿಗೆ ಹೇಳುತ್ತೇನೆ. ಹೇಳುವಾಗ ಪ್ರತಿ ಸಲವೂ ನಿಜವೆನಿಸುತ್ತದೆ, ಏನು ಮಾಡಲಿ?” ಒಳಗೆ ಹೋಗಿ ಪತ್ರದ ಇನ್ನೊಂದು ಪ್ರತಿ ತಂದು, ಸಹಿ ಮಾಡಿ, ಹೊಸ ಲಕೋಟೆಗೆ ಹಾಕಿ ಅಂಟಿಸಿದರು. ಅದನ್ನು ಅವರು ಕೊಟ್ಟದ್ದು ಶಿವಬಸವ್ವನ ಕೈಗೆ. ರಂಜನಾ ಅರ್ಧಕ್ಕೆ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು.

ರಿಕ್ಷಾದಲ್ಲಿ ಶಿವಬಸವ್ವ ಲಕೋಟೆಯನ್ನು ಎದೆಗವಚಿ ಕೂತಿದ್ದಳು. “ನಾ ಹೇಳಿದ್ದನ್ನ ಹಂಗ ಹೇಳ್ದೇನು?”

“ಹಂಗ ಹೇಳೀನ್ರಿ ಅತ್ತಿ.”

“ನಂಬಿದ್ರೇನು?”

“ನಂಬಿದ್ರು. ತಗದಾಕಿ ನಾನು ಅಂತನೂ ಹೇಳೀನಿ.”

ಶಿವಬಸವ್ವ ಲಕೋಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ರಿಕ್ಷಾ ಸಿಗ್ನಲ್ಲಿನಲ್ಲಿ ನಿಂತು ಮತ್ತೆ ಹೊರಟಿತು. “ಆ ಬಾಯಾರಿಗೆ ಮರಾಠಿಯಾಗ ಹೇಳ್ದಿ, ಚಲೋ ಆತು. ಮನ್ಯಾಗ ಕನ್ನಡದಾಗ ಹೇಳು. ನಾ ಹೇಳಾಕಿ ಅಲ್ಲ,” ಎಂದಳು.

ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಶಿವಾನಿಯ ಮುಖ ಎರಡು ದಿನದ ಮೇಲೆ ಅರಳಿತ್ತು. ರಂಜನಾ ಎಣ್ಣೆಗಾಯಿ ಬಡಿಸಿ, ಪಾತ್ರೆ ಕೆಳಗಿಟ್ಟು ಹೇಳಿದಳು.

“ಆ ಪಾಕೀಟ ಹರದಾಕಿ ನಾನು. ಅತ್ತಿ ಅಲ್ಲ.”

ಮಲಕಪ್ಪನವರ ಕೈಯ ತುತ್ತು ತಾಟಿಗಿಳಿಯಿತು. “ಯಾಕವ್ವ?”

“ಹೊಟ್ಟಿಕಿಚ್ಚಿಗೆ ರೀ ಮಾವಾರ.”

“ನಿನಗೇನ ಕಡಿಮಿ ಮಾಡೀವಿ ಈ ಮನ್ಯಾಗ?” ಎಂದು ಮಾಂತು ಅರ್ಧ ಎದ್ದ.

“ಕಲಿಸೋದೊಂದು,” ಎಂದಳು ರಂಜನಾ.

“ಕೂಡು ಮಾಂತು, ಉಣ್ಣು,” ಎಂದಳು ಶಿವಬಸವ್ವ.

ಮಲಕಪ್ಪನವರು ತಾಟು ನೋಡುತ್ತಲೇ ಹೆಂಡತಿಗೆ, “ಗುರುವಾರ ನಾ ಭಾಳ ಮಾತಾಡಿದೆ,” ಎಂದರು.

“ಹೂಂ, ಆಡಿದ್ರಿ. ಸಾರ ಹಾಕ್ಲೇನು?”

ಶಿವಾನಿ ಅತ್ತಿಗೆಯ ಕಡೆ ನೋಡಲೇ ಇಲ್ಲ. “ಎಲ್ಲಾ ಕಾಗದ ನಿಮ್ಮ ಕೈಯಾಗ ಕೊಟ್ಟಿದ್ದೆ ವೈನಿ,” ಎಂದವಳೇ ಎದ್ದು ಕೈತೊಳೆದು ಕೋಣೆಗೆ ಹೋಗಿ ಫೈಲನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು. ಸೋಮವಾರ ರಜೆ ಹಾಕಿ ತಾನೇ ಕೊರಿಯರ್ ಮಾಡುತ್ತೇನೆಂದು ಅಲ್ಲಿಂದಲೇ ಕೂಗಿ ಹೇಳಿದಳು.

ರಂಜನಾ ಪಾತ್ರೆ ತಿಕ್ಕತೊಡಗಿದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಶಿವಾನಿ ಬಂದು ನಿಂತಳು. ಸಿಟ್ಟು ಇನ್ನೂ ಮುಖದ ಮೇಲೇ ಇತ್ತು.

“ಅದರಾಗ ಏನ ಬರದಾರ ಮೇಡಮ್?”

ರಂಜನಾ ತಿಕ್ಕಿದ ಪಾತ್ರೆಯನ್ನು ಬದಿಗಿಟ್ಟಳು.

“ಇಪ್ಪತ್ತಾರ ವರ್ಷ ಕಲಿಸೀನಿ, ಇಂಥಾ ಹುಡುಗೀನ್ನ ಕಂಡಿಲ್ಲ ಅಂತ ಬರದಾರ.”

“ಖರೇನ?”

“ಖರೆ.”

ಶಿವಾನಿಗೆ ನಗು ತಡೆಯಲಾಗಲಿಲ್ಲ. ಸಿಟ್ಟಿನ ಮುಖದಲ್ಲೇ ಅದು ಮೂಡಿತು, ಕಿವಿಯವರೆಗೂ ಕೆಂಪಾದಳು. ರಂಜನಾಳ ಹೊಟ್ಟೆಯಲ್ಲಿ ಉರಿ ಮತ್ತೆ ಎದ್ದಿತು, ಮೊದಲಿನಷ್ಟೇ ಎದ್ದಿತು. ಆ ನಗುವನ್ನು ಆರಿಸಲು ಅವಳ ಹತ್ತಿರ ಈಗ ಒಂದೇ ಮಾತು ಸಾಕಿತ್ತು.

“ಬ್ಯಾರೆ ಯಾರಿಗರೆ ಹಂಗ ಅಂದಾರೇನು ಅವರು?” ಎಂದಳು ಶಿವಾನಿ.

ರಂಜನಾ ತಲೆಯೆತ್ತದೆ ತಾಟಿಗೆ ಬೂದಿ ಹಚ್ಚಿದಳು.

“ಇಲ್ಲ,” ಎಂದಳು. “ನಿನಗೊಬ್ಬಾಕಿಗೇ.”